ಬೇಸಿಗೆ ರಜೆಯನ್ನು ಮಕ್ಕಳ ಜೊತೆ ಕೂತು ಪ್ಲಾನ್ ಮಾಡುವುದು ಹೇಗೆ?

ರಜೆ ಹತ್ತಿರ ಬಂದಾಗಲೆಲ್ಲ ಓದುಗರು ಕೇಳುವ ಪ್ರಶ್ನೆ ಒಂದೇ: ಇಷ್ಟು ದಿನ ಮಕ್ಕಳನ್ನು ಸಂಭಾಳಿಸುವುದು ಹೇಗೆ? ಜಾಸ್ತಿ ಜನ ಚಟುವಟಿಕೆಗಳ ಪಟ್ಟಿ ಕೇಳುತ್ತಾರೆ. ಪಟ್ಟಿಗೆ ಕೊರತೆಯಿಲ್ಲ, ಹುಡುಕಿದರೆ ನೂರು ಸಿಗುತ್ತವೆ. ಆದರೂ ಎರಡನೇ ವಾರಕ್ಕೇ ಮನೆಯಲ್ಲಿ ಕಿರಿಕಿರಿ ಶುರುವಾಗುತ್ತದೆ. ನಾನು ಗಮನಿಸಿದಂತೆ ಇದಕ್ಕೆ ಕಾರಣ ಎರಡು. ಪ್ಲಾನ್ ಮಾಡುವಾಗ ಮಕ್ಕಳನ್ನು ಕೇಳಿರುವುದಿಲ್ಲ. ಮಾಡಿದ ಪ್ಲಾನಿನಲ್ಲಿ ಬಿಡುವೇ ಇರುವುದಿಲ್ಲ. ಅದಕ್ಕೇ ಇಲ್ಲಿ ಮೊದಲು ಮನೆಮಂದಿಯೆಲ್ಲ ಸೇರಿ ತೀರ್ಮಾನ ಮಾಡುವ ಬಗೆ ಹೇಳುತ್ತೇನೆ. ಆಮೇಲೆ ನಿಜಕ್ಕೂ ಕೆಲಸ ಮಾಡುವ ಕೆಲವು ಚಟುವಟಿಕೆಗಳನ್ನು ನೋಡೋಣ.

ಬೇಕಾಗುವ ಸಾಮಾನು

ಗೋಡೆಗೆ ಅಂಟಿಸುವಷ್ಟು ದೊಡ್ಡ ಹಾಳೆ, ಬಣ್ಣದ ಪೆನ್ನುಗಳು, ಒಂದಿಷ್ಟು ಚೀಟಿ, ಚೀಟಿ ಹಾಕಲು ಒಂದು ಡಬ್ಬಿ. ಇಷ್ಟೇ ಸಾಕು. ಇದರ ಜೊತೆಗೆ ಎಲ್ಲರೂ ಒಟ್ಟಿಗೆ ಕೂರುವ ಅರ್ಧ ಗಂಟೆ ಬೇಕು. ರಜೆ ಶುರುವಾಗುವ ವಾರಕ್ಕಿಂತ ಮೊದಲೇ ಕೂತರೆ ಒಳ್ಳೆಯದು. ರಜೆ ಶುರುವಾದ ಮೇಲೆ ಕೂತರೆ ಮೊದಲ ವಾರ ಅದರಲ್ಲೇ ಕಳೆದುಹೋಗುತ್ತದೆ.

ಹಂತ 1: ನಿಜವಾಗಿ ಎಷ್ಟು ದಿನ ಇದೆ ನೋಡಿ

ಹಾಳೆಯ ಮೇಲೆ ರಜೆಯ ಅಷ್ಟೂ ದಿನಗಳ ಕ್ಯಾಲೆಂಡರ್ ಬರೆಯಿರಿ. ಮೊದಲು ಕೈಗೆ ಸಿಗದ ದಿನಗಳನ್ನು ಗುರುತು ಹಾಕಿ. ಅಪ್ಪ ಅಮ್ಮನ ಕೆಲಸದ ದಿನಗಳು, ನೆಂಟರ ಮನೆಯ ಕಾರ್ಯಕ್ರಮ, ಡಾಕ್ಟರ್ ಭೇಟಿ, ಮಗುವಿನ ಈಜು ಕ್ಲಾಸು ಹೀಗೆ. ಉಳಿದಿದ್ದನ್ನು ಎಣಿಸಿ. ಹೆಚ್ಚಿನ ಮನೆಗಳಲ್ಲಿ ಇಲ್ಲೇ ಆಶ್ಚರ್ಯ ಕಾದಿರುತ್ತದೆ. ಎರಡು ತಿಂಗಳ ರಜೆ ಅಂದುಕೊಂಡದ್ದರಲ್ಲಿ ಎಲ್ಲರೂ ಇಡೀ ದಿನ ಒಟ್ಟಿಗೆ ಸಿಗುವುದು ಕೆಲವೇ ದಿನ. ಇದು ಬೇಜಾರಿನ ವಿಷಯ ಅಲ್ಲ. ಮೊದಲೇ ಗೊತ್ತಾದರೆ ಆ ದಿನಗಳು ಸುಮ್ನೆ ಕಳೆದುಹೋಗುವುದಿಲ್ಲ.

ಎಚ್ಚರಿಕೆ: ನಿಮಗಿರುವ ರಜೆಯನ್ನೆಲ್ಲ ಒಂದೇ ಪ್ರವಾಸಕ್ಕೆ ಸುರಿಯಬೇಡಿ. ಒಂದೆರಡು ದಿನವನ್ನು ರಜೆಯ ಕೊನೆಯ ಭಾಗಕ್ಕೆ ಉಳಿಸಿಕೊಳ್ಳಿ. ಮಕ್ಕಳಿಗೆ ಬೇಸರ ಜಾಸ್ತಿಯಾಗುವುದು ಆಗಲೇ.

ಹಂತ 2: ಎಲ್ಲರೂ ಚೀಟಿ ಬರೆಯಿರಿ

ಮನೆಯ ಪ್ರತಿಯೊಬ್ಬರಿಗೂ ನಾಲ್ಕೈದು ಚೀಟಿ ಕೊಡಿ. ಒಂದು ಚೀಟಿಗೆ ಒಂದು ಆಸೆ. ಬರೆಯಲು ಬಾರದ ಮಗು ಚಿತ್ರ ಬರೆಯಲಿ. ಅಜ್ಜ ಅಜ್ಜಿ ಜೊತೆಗಿದ್ದರೆ ಅವರೂ ಬರೆಯಲಿ. ಈ ಹೊತ್ತಿನಲ್ಲಿ ಯಾವ ಚೀಟಿಗೂ "ಅದೆಲ್ಲ ಆಗಲ್ಲ" ಅನ್ನಬಾರದು. ಮಗು "ಚಂದ್ರನ ಮೇಲೆ ಹೋಗಬೇಕು" ಅಂತ ಬರೆದರೂ ಡಬ್ಬಿಗೆ ಹೋಗಲಿ. ಅದರ ಹಿಂದಿರುವ ಆಸೆ ಏನು ಅಂತ ಆಮೇಲೆ ಕೇಳಿದರೆ, ರಾತ್ರಿ ತಾರಸಿಯ ಮೇಲೆ ಮಲಗುವುದು ಅನ್ನುವಂಥ ಸುಲಭದ ಉತ್ತರ ಬರಬಹುದು.

ಎಲ್ಲ ಬರೆದ ಮೇಲೆ ಚೀಟಿಗಳನ್ನು ಮೂರು ಗುಂಪು ಮಾಡಿ: ಮನೆಯಲ್ಲೇ ಆಗುವಂಥದ್ದು, ಅರ್ಧ ದಿನ ಹೊರಗೆ ಹೋದರೆ ಆಗುವಂಥದ್ದು, ಇಡೀ ದಿನ ಬೇಕಾಗುವಂಥದ್ದು. ಮೂರನೇ ಗುಂಪು ಎಷ್ಟೇ ದೊಡ್ಡದಿದ್ದರೂ ಹಂತ 1ರಲ್ಲಿ ಸಿಕ್ಕ ದಿನಗಳ ಒಳಗೇ ಅದು ಹಿಡಿಸಬೇಕು.

ಇನ್ನೊಂದು ನಿಯಮ ತುಂಬಾ ಮುಖ್ಯ. ಪ್ರತಿಯೊಬ್ಬರ ಒಂದು ಚೀಟಿ ಖಂಡಿತ ಆಗಲೇಬೇಕು. ಅದನ್ನು ಅವರವರೇ ಆರಿಸಿ ಕ್ಯಾಲೆಂಡರಿನಲ್ಲಿ ದಿನ ಬರೆಯಲಿ. ಅಮ್ಮನ ಚೀಟಿಗೂ ಇದೇ ನಿಯಮ. ಅಮ್ಮನಿಗೂ ಒಂದು ಆಸೆ ಇದೆ, ಅದಕ್ಕೆ ನಾವೆಲ್ಲ ಜೊತೆ ಕೊಡಬೇಕು ಅಂತ ಮಕ್ಕಳಿಗೆ ಗೊತ್ತಾಗುವುದು ಇಂಥ ಹೊತ್ತಲ್ಲೇ.

ವಯಸ್ಸಿಗೆ ತಕ್ಕ ಹಾಗೆ ಕೇಳುವ ರೀತಿ ಬದಲಾಗಬೇಕು. ಐದು ವರ್ಷದೊಳಗಿನ ಮಗುವಿಗೆ "ನಿನಗೆ ಏನು ಬೇಕು?" ಅಂದರೆ ತಲೆಬುಡ ಗೊತ್ತಾಗುವುದಿಲ್ಲ. "ಮಣ್ಣಲ್ಲಿ ಆಡೋಣವಾ, ನೀರಲ್ಲಿ ಆಡೋಣವಾ?" ಅಂತ ಎರಡೇ ಆಯ್ಕೆ ಕೊಡಿ. ಏಳೆಂಟು ವರ್ಷದವರು ಒಂದು ಚಟುವಟಿಕೆಯ ಸಾಮಾನಿನ ಪಟ್ಟಿ ಮಾಡಬಲ್ಲರು. ಹದಿಹರೆಯದವರ ಕಥೆ ಬೇರೆ. ಮನೆಯವರ ಜೊತೆ ಹೊರಡಲು ಅವರು ಮೂತಿ ತಿರುಗಿಸುವುದು ಸಹಜ. ಅವರಿಗೆ ಒಂದು ಇಡೀ ದಿನವನ್ನೇ ಒಪ್ಪಿಸಿಬಿಡಿ. ಎಲ್ಲಿಗೆ ಹೋಗುವುದು, ಹೇಗೆ ಹೋಗುವುದು, ಎಷ್ಟು ಖರ್ಚು, ಎಷ್ಟು ಹೊತ್ತಿಗೆ ವಾಪಸ್ಸು ಎಲ್ಲ ಅವರದೇ ತೀರ್ಮಾನ. ಒಬ್ಬ ಗೆಳೆಯನನ್ನೋ ಗೆಳತಿಯನ್ನೋ ಕರೆತರಲು ಬಿಡಿ. ಆ ದಿನ ದಾರಿ ತಪ್ಪಿದರೂ ನೀವು ಬಾಯಿ ಹಾಕಬೇಡಿ. ಸುರಕ್ಷತೆಯ ಪ್ರಶ್ನೆ ಬಂದಾಗ ಮಾತ್ರ ಮಾತಾಡಿ.

ಎಚ್ಚರಿಕೆ: ಖಾತ್ರಿ ಇಲ್ಲದ ಮಾತು ಕೊಡಬೇಡಿ. "ನೋಡೋಣ" ಅನ್ನುವುದನ್ನು ಮಕ್ಕಳು "ಹೂಂ" ಅಂತಲೇ ಕೇಳಿಸಿಕೊಳ್ಳುತ್ತಾರೆ. ಆಗದಿದ್ದರೆ ಆಗಲ್ಲ ಅಂತ ಕಾರಣ ಸಮೇತ ಹೇಳಿ.

ಹಂತ 3: ವಾರಕ್ಕೆ ಒಂದು ದೊಡ್ಡದು, ಎರಡು ಸಣ್ಣದು

ಒಂದು ವಾರಕ್ಕೆ ಎಲ್ಲರೂ ಸೇರಿ ಮಾಡುವ ಒಂದು ದೊಡ್ಡ ಚಟುವಟಿಕೆ, ಒಂದೊಂದು ಗಂಟೆಯ ಎರಡು ಸಣ್ಣ ಚಟುವಟಿಕೆ. ಇದಕ್ಕಿಂತ ಜಾಸ್ತಿ ತುಂಬಬೇಡಿ. ಉಳಿದ ದಿನ ಖಾಲಿ ಇರಲಿ. "ಬೋರ್ ಆಗ್ತಿದೆ" ಅಂತ ಮಗು ಬಂದ ತಕ್ಷಣ ಏನಾದರೂ ಕೈಗೆ ಕೊಡಬೇಕು ಅಂತ ನಮಗೆ ಅನಿಸುತ್ತದೆ, ಅಲ್ವಾ? ಸ್ವಲ್ಪ ತಡೆಯಿರಿ. ಖಾಲಿ ರಟ್ಟಿನ ಡಬ್ಬಿ, ಹಳೆಯ ಬೆಡ್‌ಶೀಟು, ಹಗ್ಗ, ಬಟ್ಟೆ ಕ್ಲಿಪ್ಪು ಕೈಗೆ ಸಿಗುವ ಹಾಗೆ ಇಟ್ಟು ಬಿಟ್ಟುಬಿಡಿ. ಸ್ವಲ್ಪ ಹೊತ್ತಿನಲ್ಲೇ ಮಂಚದ ಕೆಳಗೆ ಒಂದು ಕೋಟೆ ಎದ್ದಿರುತ್ತದೆ.

ದಿನದ ಲಯ ಬಿಸಿಲನ್ನು ನೋಡಿ ಇರಲಿ. ಬೆಳಿಗ್ಗೆ ಬೇಗ ಹೊರಗಿನ ಆಟ, ಮಧ್ಯಾಹ್ನ ಒಳಗಿನ ಕೆಲಸ, ಸಂಜೆ ಮತ್ತೆ ಹೊರಗೆ. ಹೊರಗಿನ ಪ್ರತಿ ಪ್ಲಾನಿನ ಪಕ್ಕದಲ್ಲೂ "ಮಳೆ ಬಂದರೆ ಏನು?" ಅಂತ ಒಂದು ಸಾಲು ಬರೆದಿಡಿ. ಆಗ ಹೊರಟು ನಿಂತ ಮಕ್ಕಳು ಬಾಗಿಲಲ್ಲಿ ಅಳುವುದು ತಪ್ಪುತ್ತದೆ.

ಹಂತ 4: ಚಟುವಟಿಕೆ ಆರಿಸಿ

ಒಳ್ಳೆಯ ಕುಟುಂಬ ಚಟುವಟಿಕೆಗೆ ನನ್ನ ಅಳತೆ ಸರಳ. ಅದರಲ್ಲಿ ದೊಡ್ಡವರಿಗೂ ಕುತೂಹಲ ಇರಬೇಕು. ನೀವು ಪಕ್ಕದಲ್ಲಿ ಫೋನ್ ನೋಡುತ್ತಾ ಕೂರುವ ಚಟುವಟಿಕೆ ಮಕ್ಕಳಿಗೂ ಬೇಗ ಸಪ್ಪೆಯಾಗುತ್ತದೆ. ಕೆಳಗಿನವು ನನಗೆ ತುಂಬಾ ಇಷ್ಟವಾದವು.

*ನೆರಳಿನ ಗಡಿಯಾರ.* ಬಯಲಲ್ಲಿ ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನೆಡಿ. ಬೆಳಗಿನಿಂದ ಗಂಟೆಗೊಮ್ಮೆ ನೆರಳಿನ ತುದಿಗೆ ಒಂದು ಕಲ್ಲಿಡಿ, ಕಲ್ಲಿನ ಮೇಲೆ ಸಮಯ ಬರೆಯಿರಿ. ಮಧ್ಯಾಹ್ನದ ಹೊತ್ತು ಮಾತ್ರ 10 ನಿಮಿಷಕ್ಕೊಮ್ಮೆ, ದೊಡ್ಡವರೇ ಟೋಪಿ ಹಾಕಿಕೊಂಡು ಹೋಗಿ ಕಲ್ಲಿಟ್ಟು ಬನ್ನಿ. ನೆರಳು ಎಲ್ಲಕ್ಕಿಂತ ಚಿಕ್ಕದಾಗುವುದು ಸರಿಯಾಗಿ 12 ಗಂಟೆಗೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಹೆಚ್ಚಿನ ಊರುಗಳಲ್ಲಿ ಹಾಗಾಗುವುದಿಲ್ಲ. ಗಡಿಯಾರ ಇಡೀ ಪ್ರದೇಶಕ್ಕೆ ಒಂದೇ ಸಮಯ ತೋರಿಸುತ್ತದೆ. ಸೂರ್ಯ ದಿನದ ಅತಿ ಎತ್ತರಕ್ಕೆ ಬರುವ ಸಮಯ ಮಾತ್ರ ಊರಿಂದ ಊರಿಗೆ ಬೇರೆ. ಆ ಅತಿ ಚಿಕ್ಕ ನೆರಳು ಉತ್ತರ ದಕ್ಷಿಣಕ್ಕೆ ಚಾಚಿಕೊಂಡಿರುತ್ತದೆ, ಅಂದರೆ ನಿಮಗೆ ದಿಕ್ಸೂಚಿಯೂ ಸಿಕ್ಕಿತು. ಕರ್ಕಾಟಕ ವೃತ್ತ ಮತ್ತು ಮಕರ ವೃತ್ತ, ಅಂದರೆ ಭೂಮಧ್ಯರೇಖೆಯಿಂದ ಎರಡೂ ಕಡೆ ಸುಮಾರು 23.5 ಡಿಗ್ರಿ ದೂರದಲ್ಲಿರುವ ಗೆರೆಗಳು. ಇವುಗಳ ನಡುವಿನ ಊರುಗಳಲ್ಲಿ ವರ್ಷಕ್ಕೆ ಎರಡು ದಿನ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನೆ. ಆಗ ನೆಟ್ಟಗೆ ನಿಂತ ಕೋಲಿಗೆ ಕೆಲ ಕ್ಷಣ ನೆರಳೇ ಕಾಣುವುದಿಲ್ಲ. ಇದನ್ನು ಶೂನ್ಯ ನೆರಳಿನ ದಿನ ಅನ್ನುತ್ತಾರೆ. ನೀವು ಅಂಥ ಊರಲ್ಲಿದ್ದು, ಆ ದಿನ ರಜೆಯಲ್ಲೇ ಬಂದರೆ ಬಿಡಬೇಡಿ. ಸೂರ್ಯನನ್ನು ನೇರವಾಗಿ ನೋಡಬಾರದು ಅಂತ ಮಕ್ಕಳಿಗೆ ಮೊದಲೇ ಹೇಳಿ.

*ರಾತ್ರಿ ಆಕಾಶ.* ಅಮಾವಾಸ್ಯೆಯ ಆಸುಪಾಸಿನ ರಾತ್ರಿ ಆರಿಸಿ. ಬೆಳದಿಂಗಳಲ್ಲಿ ಸಣ್ಣ ನಕ್ಷತ್ರಗಳು ಮರೆಯಾಗುತ್ತವೆ. ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ನಡುವೆ ಯಾರಾದರೂ ಫೋನ್ ತೆರೆದರೆ ಮತ್ತೆ ಮೊದಲಿಂದ ಕಾಯಬೇಕು. ಟಾರ್ಚಿಗೆ ಕೆಂಪು ಬಣ್ಣದ ತೆಳು ಪ್ಲಾಸ್ಟಿಕ್ ಹಾಳೆ ಕಟ್ಟಿದರೆ ಕಣ್ಣಿಗೆ ತೊಂದರೆಯಾಗುವುದಿಲ್ಲ. ಉತ್ತರ ಗೋಳದಲ್ಲಿದ್ದರೆ ಸಪ್ತರ್ಷಿ ಮಂಡಲದ ಚೌಕದಲ್ಲಿ ಬಾಲದಿಂದ ದೂರದ ತುದಿಯ ಎರಡು ನಕ್ಷತ್ರಗಳನ್ನು ಸೇರಿಸುವ ಗೆರೆಯನ್ನು ಐದು ಪಟ್ಟು ಮುಂದಕ್ಕೆ ಎಳೆಯಿರಿ. ಧ್ರುವ ನಕ್ಷತ್ರ ಸಿಗುತ್ತದೆ.

ಉಲ್ಕೆ ಬೀಳುವುದನ್ನು ನೋಡಲು ಯಾವ ಉಪಕರಣವೂ ಬೇಡ, ಚಾಪೆ ಸಾಕು. ನಿಮ್ಮ ಬೇಸಿಗೆ ಏಪ್ರಿಲ್ ಮೇ ತಿಂಗಳಲ್ಲಿದ್ದರೆ ಮೇ 5–6ರ ಸುಮಾರಿಗೆ ಬೆಳಗಿನ ಜಾವ ಎದ್ದು ನೋಡಿ. ಆಗ ಬೀಳುವ ಉಲ್ಕೆಗಳು ಹ್ಯಾಲಿ ಧೂಮಕೇತು ಬಿಟ್ಟುಹೋದ ಧೂಳಿನಿಂದ ಆಗುವಂಥವು. ಆ ಧೂಮಕೇತು 1986ರಲ್ಲಿ ಬಂದಿತ್ತು, ಮುಂದೆ 2061ರಲ್ಲಿ ಬರುತ್ತದೆ. ಆಗ ತನಗೆಷ್ಟು ವಯಸ್ಸಾಗಿರುತ್ತದೆ ಅಂತ ಮಗುವೇ ಲೆಕ್ಕ ಹಾಕಲಿ. ಉತ್ತರ ಗೋಳದಲ್ಲಿ ರಜೆ ಆಗಸ್ಟ್‌ವರೆಗೆ ಇರುವವರಿಗೆ ಆಗಸ್ಟ್ 12–13ರ ರಾತ್ರಿ ಇದಕ್ಕಿಂತ ದೊಡ್ಡ ಉಲ್ಕಾವೃಷ್ಟಿ ಸಿಗುತ್ತದೆ. ಆದರೆ ನಗರದ ಬೆಳಕಿನಲ್ಲಿ ನಿರೀಕ್ಷೆ ಕಡಿಮೆ ಇರಲಿ. ಅರ್ಧ ಗಂಟೆಯಲ್ಲಿ ಒಂದೆರಡು ಕಂಡರೂ ಸಂತೋಷ ಅಂತ ಮಕ್ಕಳಿಗೆ ಮೊದಲೇ ಹೇಳಿ.

*ಬೀಜ ಬಿತ್ತುವುದು.* ಇದನ್ನು ರಜೆಯ ಮೊದಲ ವಾರದಲ್ಲೇ ಮಾಡಿ. ಸಾಮಾನ್ಯವಾಗಿ ಆಗುವ ತಪ್ಪು ಟೊಮೆಟೊ ಬಿತ್ತುವುದು. ಬೀಜದಿಂದ ಹಣ್ಣಾಗಲು ಅದಕ್ಕೆ ಮೂರು ನಾಲ್ಕು ತಿಂಗಳು ಬೇಕು, ಅಷ್ಟರಲ್ಲಿ ಶಾಲೆ ಶುರುವಾಗಿರುತ್ತದೆ. ಮೆಂತ್ಯ, ಸಾಸಿವೆ ಎರಡು ಮೂರು ದಿನದಲ್ಲೇ ಮೊಳಕೆ ಒಡೆಯುತ್ತವೆ. ಸಣ್ಣ ಜಾತಿಯ ಕೆಂಪು ಮೂಲಂಗಿ 25–30 ದಿನಕ್ಕೆ ಕೀಳಲು ಬರುತ್ತದೆ. ಬಿಸಿಲು ಜಾಸ್ತಿ ಇರುವ ಕಡೆ ಕುಂಡವನ್ನು ಅರೆನೆರಳಲ್ಲಿಡಿ. ಇದರ ಜೊತೆಗೆ ಒಂದು ಗಾಜಿನ ಲೋಟದ ಒಳಗೋಡೆಗೆ ಒದ್ದೆ ಕಾಗದ ಸುತ್ತಿ, ಕಾಗದಕ್ಕೂ ಗಾಜಿಗೂ ನಡುವೆ ರಾತ್ರಿ ನೆನೆಸಿದ ಹುರುಳಿಕಾಯಿ ಬೀಜ ಸಿಕ್ಕಿಸಿ. ಬೇರು ಇಳಿಯುವುದು ಕಣ್ಣಿಗೇ ಕಾಣುತ್ತದೆ. ಬೇರು ಒಂದಿಷ್ಟು ಉದ್ದ ಬಂದ ಮೇಲೆ ಲೋಟವನ್ನು ಅಡ್ಡ ಮಲಗಿಸಿ. ಒಂದೆರಡು ದಿನದಲ್ಲಿ ಬೇರು ಬಾಗಿ ಮತ್ತೆ ನೆಲದ ಕಡೆಗೇ ತಿರುಗುತ್ತದೆ. ಯಾರೂ ಹೇಳಿಕೊಡದೆ ಅದಕ್ಕೆ ಹೇಗೆ ಗೊತ್ತಾಯಿತು ಅಂತ ಮಗು ಕೇಳಿದರೆ ಉತ್ತರ ಗುರುತ್ವ. ಬೇರಿನ ತುದಿಯ ಜೀವಕೋಶಗಳಲ್ಲಿರುವ ಸಣ್ಣ ಪಿಷ್ಟದ ಕಣಗಳು ಕೆಳಗೆ ಜಾರಿ ದಿಕ್ಕು ತಿಳಿಸುತ್ತವೆ.

*ಬಿಸಿಲ ಪೆಟ್ಟಿಗೆ.* ದೊಡ್ಡ ರಟ್ಟಿನ ಪೆಟ್ಟಿಗೆಯೊಳಗೆ ಸಣ್ಣದೊಂದು ಪೆಟ್ಟಿಗೆ ಇಟ್ಟು ನಡುವೆ ಹಳೆಯ ಪೇಪರ್ ಮುದ್ದೆ ತುಂಬಿ. ಒಳಗೆ ಕಪ್ಪು ಕಾಗದ ಅಂಟಿಸಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಬಿಗಿದು ಕಟ್ಟಿ. ಬೆಳಕು ಒಳಗೆ ಬರುತ್ತದೆ, ಬಿಸಿ ಸುಲಭವಾಗಿ ಹೊರಗೆ ಹೋಗುವುದಿಲ್ಲ. ಸ್ವಿಟ್ಜರ್ಲೆಂಡಿನ ವಿಜ್ಞಾನಿ ಹೋರಾಸ್ ಬೆನೆಡಿಕ್ಟ್ ಡಿ ಸೊಸ್ಯೂರ್ 1767ರಲ್ಲಿ ಇದೇ ತತ್ವದ ಗಾಜಿನ ಪೆಟ್ಟಿಗೆ ಮಾಡಿ, ಆಮೇಲೆ ಅದನ್ನು ಸುಧಾರಿಸಿ ನೀರು ಕುದಿಯುವುದಕ್ಕಿಂತ ಜಾಸ್ತಿ ಬಿಸಿ ಪಡೆದಿದ್ದ. ನಿಮ್ಮದು ಅಷ್ಟು ಬಿಸಿಯಾಗದಿದ್ದರೂ ಹಳೆಯ ಬಣ್ಣದ ಕ್ರೇಯಾನ್ ಚೂರು ಕರಗಿಸಿ ಹೊಸ ಅಚ್ಚು ಹಾಕಲು ಸಾಕು. ಪೆಟ್ಟಿಗೆಯನ್ನು ಬಿಸಿಲಲ್ಲಿಟ್ಟು ಮಕ್ಕಳು ನೆರಳಲ್ಲಿರಲಿ, ಹೊರಗೆ ತೆಗೆಯುವುದು ದೊಡ್ಡವರ ಕೆಲಸ.

*ಹಿರಿಯರ ಮಾತು.* ಮಧ್ಯಾಹ್ನದ ಹೊತ್ತಿಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಮಕ್ಕಳೇ ಪ್ರಶ್ನೆ ಬರೆದುಕೊಂಡು ಅಜ್ಜ ಅಜ್ಜಿಯನ್ನು ಮಾತಾಡಿಸಲಿ, ಫೋನಿನಲ್ಲಿ ಧ್ವನಿ ರೆಕಾರ್ಡ್ ಮಾಡಲಿ. "ನಿಮ್ಮ ಬಾಲ್ಯ ಚೆನ್ನಾಗಿತ್ತಾ?" ಅಂದರೆ "ಹೂಂ" ಅನ್ನುವ ಉತ್ತರ ಮಾತ್ರ ಬರುತ್ತದೆ. "ಶಾಲೆಗೆ ಯಾವ ದಾರಿಯಲ್ಲಿ ಹೋಗ್ತಿದ್ರಿ? ದಾರೀಲಿ ಏನೇನಿತ್ತು?" ಅಂತ ಕೇಳಿದರೆ ಕಥೆಯೇ ಶುರುವಾಗುತ್ತದೆ. ಒಂದು ಸಲಕ್ಕೆ 20 ನಿಮಿಷ ಸಾಕು. ಮುಗಿದ ದಿನವೇ ಹೆಸರು, ತಾರೀಕು ಹಾಕಿ ಎರಡು ಕಡೆ ಉಳಿಸಿಡಿ. ಫೋನ್ ಬದಲಾಯಿಸುವಾಗ ಇಂಥ ರೆಕಾರ್ಡಿಂಗ್‌ಗಳೇ ಮೊದಲು ಕಳೆದುಹೋಗುವುದು.

ಇನ್ನು ನಾಟಕ, ಮನೆಯ ಪತ್ರಿಕೆ, ಒಂದು ದಿನದ ಅಡುಗೆ ಮಕ್ಕಳಿಗೇ ಬಿಡುವುದು, ಸ್ವಂತ ಬೋರ್ಡ್ ಗೇಮ್ ಮಾಡುವುದು ನಿಮಗೆ ಗೊತ್ತಿರುವಂಥವೇ. ಚೀಟಿಗಳಲ್ಲಿ ತಾವಾಗಿಯೇ ಬರುತ್ತವೆ.

ಹಂತ 5: ಖರ್ಚನ್ನು ಮಕ್ಕಳಿಗೂ ತಿಳಿಸಿ

ರಜೆಗೆ ಇಷ್ಟು ಹಣ ಅಂತ ಮೊದಲೇ ಎತ್ತಿಡಿ. ಎಂಟು ವರ್ಷ ದಾಟಿದ ಮಕ್ಕಳಿಗೆ ಆ ಮೊತ್ತ ಹೇಳಿ. ಟಿಕೆಟ್, ಓಡಾಟ, ತಿಂಡಿ ಎಲ್ಲ ಸೇರಿ ಎಷ್ಟಾಗುತ್ತದೆ ಅಂತ ಅವರ ಜೊತೆ ಕೂತು ಕೂಡಿ. ಒಂದು ದೊಡ್ಡ ಪಾರ್ಕಿಗೆ ಹೋಗುವುದೋ, ಅದೇ ದುಡ್ಡಲ್ಲಿ ಮೂರು ಸಣ್ಣ ಕಡೆ ಹೋಗುವುದೋ ಅನ್ನುವುದನ್ನು ಅವರೇ ತೀರ್ಮಾನಿಸಿದರೆ ಅಂಗಡಿ ಮುಂದಿನ ಹಠ ಬಹಳ ಕಡಿಮೆಯಾಗುತ್ತದೆ.

ಹಂತ 6: ಬಿಸಿಲು ಮತ್ತು ನೀರಿನ ಎಚ್ಚರ

ಈ ಭಾಗವನ್ನು ದಯವಿಟ್ಟು ಹಾರಿಸಬೇಡಿ. ಮನೆಯ ದೊಡ್ಡವರೆಲ್ಲ ಒಮ್ಮೆ ಓದಿ.

ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಬಿಸಿಲು ಜೋರಿರುತ್ತದೆ. ಹವಾಮಾನದ ಆ್ಯಪ್‌ಗಳಲ್ಲಿ ಯುವಿ ಇಂಡೆಕ್ಸ್ ಅಂತ ಒಂದು ಸಂಖ್ಯೆ ಇರುತ್ತದೆ. ಚರ್ಮ ಸುಡುವ ನೇರಳಾತೀತ ಕಿರಣಗಳು ಎಷ್ಟು ತೀವ್ರವಾಗಿವೆ ಅನ್ನುವುದರ ಅಳತೆ ಅದು. 3 ಮತ್ತು ಮೇಲಿದ್ದರೆ ಟೋಪಿ, ಉದ್ದ ತೋಳಿನ ಬಟ್ಟೆ, ಸನ್‌ಸ್ಕ್ರೀನ್ ಬೇಕು. 8 ಮತ್ತು ಮೇಲಿದ್ದರೆ ಮಧ್ಯಾಹ್ನ ಹೊರಗೆ ಹೋಗದಿರುವುದೇ ಸರಿ. ಆ್ಯಪ್ ಇಲ್ಲದಿದ್ದರೆ ನೆರಳು ನೋಡಿ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಬಿಸಿಲು ತೀವ್ರವಾಗಿದೆ ಅಂತ ಅರ್ಥ. ಕೋಲು ನೆಟ್ಟು ಆಡಿದ ಮಕ್ಕಳು ಇದನ್ನು ನಿಮಗಿಂತ ಬೇಗ ಹೇಳುತ್ತಾರೆ. ಸನ್‌ಸ್ಕ್ರೀನಿನ ಎಸ್‌ಪಿಎಫ್, ಅಂದರೆ ಬಿಸಿಲಿನಿಂದ ಎಷ್ಟು ರಕ್ಷಣೆ ಅಂತ ತೋರಿಸುವ ಸಂಖ್ಯೆ, 30 ಅಥವಾ ಮೇಲಿರಲಿ. ಎರಡು ಗಂಟೆಗೊಮ್ಮೆ, ಮತ್ತು ನೀರಿಂದ ಹೊರಬಂದ ಮೇಲೆ ಮತ್ತೆ ಹಚ್ಚಬೇಕು. ಆರು ತಿಂಗಳೊಳಗಿನ ಕೂಸಿಗೆ ನೆರಳೇ ರಕ್ಷಣೆ.

ಆಟದ ಗುಂಗಿನಲ್ಲಿ ಮಕ್ಕಳು ಬಾಯಾರಿಕೆ ಹೇಳುವುದಿಲ್ಲ. 20 ನಿಮಿಷಕ್ಕೊಮ್ಮೆ ನೀವೇ ಕರೆದು ನೀರು ಕುಡಿಸಿ. ತಲೆಸುತ್ತು, ತಲೆನೋವು, ವಾಕರಿಕೆ, ತುಂಬಾ ಬೆವರು ಕಂಡರೆ ತಂಪಾದ ಕಡೆ ಮಲಗಿಸಿ, ಗುಟುಕು ಗುಟುಕಾಗಿ ನೀರು ಕೊಡಿ. ಮೈ ಕೆಂಡದ ಹಾಗೆ ಸುಡುತ್ತಿದ್ದು ಮಗು ತೊದಲಿದರೆ, ಗೊಂದಲದಲ್ಲಿದ್ದರೆ ಅಥವಾ ಎಚ್ಚರ ತಪ್ಪಿದರೆ ಅದು ಬಿಸಿಲಾಘಾತ. ಆಗ ಮೈಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟಿರಬಹುದು. ತಕ್ಷಣ ಆಂಬ್ಯುಲೆನ್ಸ್ ಕರೆಯಿರಿ. ಅದು ಬರುವವರೆಗೂ ಮೈಮೇಲೆ ತಣ್ಣೀರು ಸುರಿಯುತ್ತಾ ಗಾಳಿ ಬೀಸಿ. ಎಚ್ಚರವಿಲ್ಲದ ಮಗುವಿನ ಬಾಯಿಗೆ ನೀರು ಹಾಕಬೇಡಿ.

ನಿಲ್ಲಿಸಿದ ಕಾರಿನಲ್ಲಿ ಮಗುವನ್ನು ಒಂದು ನಿಮಿಷಕ್ಕೂ ಬಿಡಬೇಡಿ. ಬಿಸಿಲಲ್ಲಿ ಹತ್ತೇ ನಿಮಿಷಕ್ಕೆ ಒಳಗಿನ ಬಿಸಿ 10 ಡಿಗ್ರಿಯಷ್ಟು ಏರಬಲ್ಲದು. ಕಿಟಕಿ ಸ್ವಲ್ಪ ತೆರೆದಿಟ್ಟರೆ ದೊಡ್ಡ ವ್ಯತ್ಯಾಸವಾಗುವುದಿಲ್ಲ.

ನೀರಿನ ವಿಷಯಕ್ಕೆ ಬಂದರೆ, ಮುಳುಗುವವರು ಕೂಗುತ್ತಾರೆ, ಕೈ ಬೀಸುತ್ತಾರೆ ಅನ್ನುವುದು ತಪ್ಪು ಕಲ್ಪನೆ. ಮಗು ಸದ್ದಿಲ್ಲದೆ ಒಂದೆರಡು ನಿಮಿಷದಲ್ಲೇ ಮುಳುಗಬಹುದು. ಹತ್ತು ಜನ ದೊಡ್ಡವರಿರುವ ಕಡೆಯೂ ಹೀಗಾಗುತ್ತದೆ, ಯಾಕೆಂದರೆ ಬೇರೆ ಯಾರೋ ನೋಡುತ್ತಿದ್ದಾರೆ ಅಂತ ಪ್ರತಿಯೊಬ್ಬರೂ ಅಂದುಕೊಂಡಿರುತ್ತಾರೆ. ಅದಕ್ಕೆ ಕಾವಲಿನ ಪಾಳಿ ಮಾಡಿ. ಒಬ್ಬರು 15 ನಿಮಿಷ ಫೋನ್, ಪುಸ್ತಕ, ಹರಟೆ ಏನೂ ಇಲ್ಲದೆ ನೀರನ್ನೇ ನೋಡಬೇಕು. ಆಮೇಲೆ "ಈಗ ನಿಮ್ಮ ಪಾಳಿ" ಅಂತ ಬಾಯಿಬಿಟ್ಟು ಹೇಳಿಯೇ ಇನ್ನೊಬ್ಬರಿಗೆ ವಹಿಸಬೇಕು. ಈಜು ಬಾರದ ಮಗು ನೀವು ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿರಲಿ. ಗಾಳಿ ತುಂಬುವ ತೋಳುಪಟ್ಟಿ, ಟ್ಯೂಬು ಆಟಿಕೆಗಳಷ್ಟೇ, ಅವು ಲೈಫ್ ಜಾಕೆಟ್ ಅಲ್ಲ. ಗುರುತಿಲ್ಲದ ಕೆರೆ, ಹೊಳೆಗೆ ಇಳಿಯುವುದೇ ಬೇಡ. ಪುಟ್ಟ ಮಕ್ಕಳಿಗೆ ಬಕೆಟ್ಟಿನಲ್ಲಿರುವ ಕೆಲವೇ ಸೆಂಟಿಮೀಟರ್ ನೀರೂ ಅಪಾಯ. ಆಟ ಮುಗಿದ ಕೂಡಲೇ ಚೆಲ್ಲಿಬಿಡಿ.

ಹಂತ 7: ಕೆಲಸದ ದಿನಗಳು ಮತ್ತು ಸ್ಕ್ರೀನ್

ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಿಂದ ಜಾಸ್ತಿ ಪ್ರಶ್ನೆ ಬರುವುದು ಇಲ್ಲೇ. ಇಡೀ ದಿನ ಸಿಗದಿದ್ದರೂ ದಿನಾ ಸಂಜೆ ಒಂದೇ ಹೊತ್ತಿಗೆ 40–45 ನಿಮಿಷ ಕೊಟ್ಟರೆ ಮಕ್ಕಳು ಅದಕ್ಕೇ ಕಾಯುತ್ತಾರೆ. ಗಿಡಕ್ಕೆ ನೀರು ಹಾಕುವುದು, ಒಂದು ಅಧ್ಯಾಯ ಗಟ್ಟಿಯಾಗಿ ಓದುವುದು, ಒಂದು ಸುತ್ತು ನಡೆಯುವುದು ಯಾವುದಾದರೂ ಆದೀತು.

ಸ್ಕ್ರೀನ್ ನಿಯಮವನ್ನು ಚೀಟಿ ಬರೆದ ದಿನವೇ ಎಲ್ಲರೂ ಸೇರಿ ಮಾಡಿ, ಗೋಡೆಯ ಹಾಳೆಯಲ್ಲಿ ಬರೆಯಿರಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯಂತೆ ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಬೇಡ, ಒಂದು ವರ್ಷದ ಮಗುವಿಗೆ ಬೇಡವೇ ಬೇಡ. ಐದು ವರ್ಷ ದಾಟಿದವರಿಗೆ ದಿನಕ್ಕೆ ಕನಿಷ್ಠ 60 ನಿಮಿಷ ಮೈ ಬೆವರುವ ಆಟ ಬೇಕು ಅನ್ನುತ್ತದೆ ಅದೇ ಸಂಸ್ಥೆ. ಮೊದಲು ಆ ಆಟ, ಆಮೇಲೆ ಸ್ಕ್ರೀನ್ ಅನ್ನುವ ಕ್ರಮ ಇಟ್ಟುಕೊಂಡರೆ ಜಗಳ ಕಡಿಮೆ. ದೊಡ್ಡವರ ಫೋನಿಗೂ ಒಂದು ಸಾಲು ಬರೆಯಿರಿ. ಅದಿಲ್ಲದಿದ್ದರೆ ಮಕ್ಕಳು ನಿಯಮ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಹಂತ 8: ವಾರಕ್ಕೊಮ್ಮೆ ಹತ್ತು ನಿಮಿಷ ಕೂರಿ

ವಾರದ ಕೊನೆಗೆ ಎರಡೇ ಪ್ರಶ್ನೆ ಕೇಳಿ: ಯಾವುದು ಇಷ್ಟವಾಯಿತು, ಮುಂದಿನ ವಾರ ಯಾವುದು ಬೇಡ? ಬೇಡ ಅಂದಿದ್ದನ್ನು ತೆಗೆದುಬಿಡಿ. ಇಷ್ಟು ಸಾಮಾನು ತಂದಿದ್ದೇವೆ ಅಂತ ಒತ್ತಾಯ ಮಾಡಿದರೆ ಅದು ಇನ್ನೊಂದು ಹೋಂವರ್ಕ್ ಆಗುತ್ತದೆ. ಅಣ್ಣ ತಂಗಿ ದಿನಾ ಕಿತ್ತಾಡುತ್ತಿದ್ದರೆ ಮುಂದಿನ ವಾರ ಇಬ್ಬರನ್ನೂ ಒಂದು ಗಂಟೆ ಬೇರೆ ಬೇರೆ ದೊಡ್ಡವರ ಜೊತೆ ಕಳಿಸಿ. ಹೆಚ್ಚಿನ ಸಲ ಅವರಿಗೆ ಬೇಕಾಗಿರುವುದು ಅಪ್ಪನೋ ಅಮ್ಮನೋ ತನಗೊಬ್ಬನಿಗೇ ಸಿಗುವ ಸಮಯ.

ರಜೆಯ ಕೊನೆಯ ವಾರಕ್ಕೆ ಹೊಸದೇನೂ ಹಾಕಿಕೊಳ್ಳಬೇಡಿ. ಆ ವಾರದ ಕೆಲಸ ನಿದ್ದೆಯ ಹೊತ್ತನ್ನು ಶಾಲೆಯ ಹೊತ್ತಿಗೆ ತರುವುದು. ಬೇಗ ಮಲಗಿಸಲು ಹೋದರೆ ಮಕ್ಕಳು ಹಾಸಿಗೆಯಲ್ಲಿ ಹೊರಳಾಡುತ್ತಾರೆ. ಅದರ ಬದಲು ದಿನಕ್ಕೆ 15 ನಿಮಿಷದಂತೆ ಬೇಗ ಎಬ್ಬಿಸುತ್ತಾ ಬನ್ನಿ, ಎಬ್ಬಿಸಿದ ಕೂಡಲೇ ಕಿಟಕಿ ತೆರೆದು ಬೆಳಕು ಬಿಡಿ. ರಾತ್ರಿಯ ನಿದ್ದೆ ನಾಲ್ಕೈದು ದಿನದಲ್ಲಿ ತಾನಾಗಿಯೇ ಹಿಂದಕ್ಕೆ ಸರಿಯುತ್ತದೆ.